ಗ್ಯಾಸಿನ ಒಲೆಯ ಆರೈಕೆ ಮತ್ತು ಎಚ್ಚರಿಕೆ

(ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ. ತೋಟದ ಲೈನುಮನೆಗಳಲ್ಲಿರುವ ವಾಚಕರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡಲಾಗಿದೆ.)



ಇಂದು ನಾವು ಮಾತಾಡಲಿರುವುದು ನಿಮ್ಮ ಮನೆಯ ಗ್ಯಾಸಿನ ಒಲೆಯನ್ನು ಕುರಿತು. ನಮ್ಮ ಕಡೆಯವರು ಅದಕ್ಕೆ ಗ್ಯಾಸಿನ ಶೆಗಡಿ ಎನ್ನುತ್ತಾರೆ, ಸಿಲಿಂಡರಿಗೆ ಟಾಕಿ ಎನ್ನುತ್ತಾರೆ. ಕೂಟದಲ್ಲಿ ಮಾತಾಡಲು ಇದೆಂಥ ವಿಷಯ ಎಂದು ಕೆಲವರಿಗೆ ತೋರಬಹುದು. ಆದರೆ ಒಂದು ಟಾಕಿ ತುಂಬಿಸಬೇಕಾದರೆ ಕೂಲಿಯವನ ಮನೆಯಲ್ಲಿ ಎಷ್ಟು ದಿನದ ದುಡಿಮೆ ಹೋಗುತ್ತದೆಂದು ನೀವೇ ಬಲ್ಲಿರಿ. ಅದೇ ಟಾಕಿ ಒಂದು ರಾತ್ರಿ ಸೋರಿದರೆ ಮನೆಯ ಮಂದಿಯೇ ಹೋದಾರು. ಹಣದ ಲೆಕ್ಕ, ಜೀವದ ಲೆಕ್ಕ ಎರಡೂ ಇದರಲ್ಲಿ ಇರುವುದರಿಂದ ಒಂದು ಸಾಯಂಕಾಲವನ್ನು ಇದಕ್ಕಾಗಿ ಕೊಟ್ಟರೆ ನಷ್ಟವಿಲ್ಲ.

1965ರ ಅಕ್ಟೋಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯವರು ಕಲ್ಕತ್ತೆಯಲ್ಲಿ ಇಂಡೇನ್ ಹೆಸರಿನ ಅಡಿಗೆ ಅನಿಲವನ್ನು ಮೊದಲು ಕೊಟ್ಟರು. ಅಲ್ಲಿಂದ ಬಹುಕಾಲ ಅದು ಪಟ್ಟಣದ ನೌಕರಿಯವರ ಸೊತ್ತಾಗಿತ್ತು. ನಮ್ಮ ಹಳ್ಳಿಗಳಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ಹೆಚ್ಚೆಂದರೆ ಸೀಮೆಎಣ್ಣೆ. ಹೊಗೆಯಲ್ಲಿ ಕಣ್ಣು ಕೆಂಪಾಗಿ, ಎದೆಯಲ್ಲಿ ಗೊರಗೊರ ಕೆಮ್ಮು ಕಟ್ಟಿ, ನಮ್ಮ ಅವ್ವಂದಿರು ರೊಟ್ಟಿ ಬಡಿದರು. 2016ರ ಮೇ 1ರಂದು ಉತ್ತರಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ, ಮನೆಯ ಹೆಣ್ಣುಮಗಳ ಹೆಸರಿನಲ್ಲೇ ಗ್ಯಾಸು ಬಡವರ ಮನೆಗೂ ಬಂದಿತು. ಇದು ಒಳ್ಳೆಯದೇ ಆಯಿತು. ಆದರೆ ಟಾಕಿ ಬಂದಷ್ಟು ಬೇಗ ಅದರ ತಿಳುವಳಿಕೆ ಬರಲಿಲ್ಲ.

ಇದಕ್ಕೆ ಒಂದು ಕಾರಣ ಭಾಷೆಯೂ ಹೌದು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಹಂಚಿಹೋದಾಗ, ಬೀದರ್ ಜಿಲ್ಲೆಯಲ್ಲಿದ್ದ ನಿಲಂಗಾ, ಉದ್ಗೀರ್ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಈಗ ಇವೆರಡೂ ಲಾತೂರ್ ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತರು. ಒಲೆಯ ಮುಂದಿನ ಮಾತು ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ. ಗ್ಯಾಸಿನ ಜೊತೆಗೆ ಕೊಡುವ ಪುಸ್ತಕ ಮರಾಠಿಯಲ್ಲೋ ಹಿಂದಿಯಲ್ಲೋ ಇರುತ್ತದೆ. ಅದು ಕಪಾಟು ಸೇರುತ್ತದೆ, ಅಜ್ಜಿಯ ಕಿವಿಗೆ ಬೀಳುವುದೇ ಇಲ್ಲ. ಆದುದರಿಂದ ನಾವು ಆ ಸಂಗತಿಗಳನ್ನು ಮನೆಯ ಮಾತಿನಲ್ಲೇ ಹೇಳಬಯಸುತ್ತೇವೆ.

ಗ್ಯಾಸಿನ ಸ್ವಭಾವ

ಟಾಕಿಯೊಳಗೆ ಇರುವುದು ಪ್ರೊಪೇನ್, ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡ ಹಾಕಿ ಅದನ್ನು ನೀರಿನ ಹಾಗೆ ದ್ರವ ಮಾಡಿ ತುಂಬಿರುತ್ತಾರೆ. ಮನೆಯ ಟಾಕಿಯಲ್ಲಿ 14.2 ಕಿಲೋ ಹಿಡಿಯುತ್ತದೆ. ಈ ದ್ರವ ಹೊರಬಂದರೆ ಅನಿಲವಾಗಿ ಸುಮಾರು 250 ಪಟ್ಟು ಹಿಗ್ಗುತ್ತದೆ. ಒಂದು ಲೋಟದಷ್ಟು ಸೋರಿದರೂ ಹಲವು ಕೊಡಗಳಷ್ಟು ಜಾಗ ತುಂಬುತ್ತದೆ. ಗಾಳಿಯ ನೂರು ಪಾಲಿನಲ್ಲಿ ಸುಮಾರು ಎರಡು ಪಾಲು ಗ್ಯಾಸು ಬೆರೆತರೆ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ.

ಈ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆ ನಾತ ನಮಗೆ ಕಾವಲುನಾಯಿ ಬೊಗಳಿದಂತೆ. ನೆಗಡಿಯಾದಾಗ, ವಯಸ್ಸಾದಾಗ, ಆ ನಾತದಲ್ಲೇ ಬಹಳ ಹೊತ್ತು ಕುಳಿತಾಗ ಮೂಗು ಅದನ್ನು ಹಿಡಿಯುವುದಿಲ್ಲ. ಆಗ ಬೇರೊಬ್ಬರು “ವಾಸನೆ ಬರುತ್ತದೆ” ಎಂದರೆ ಜಗಳಕ್ಕೆ ನಿಲ್ಲದೆ ಎದ್ದು ನೋಡಬೇಕು.

ಇನ್ನೊಂದು ಗುಣವನ್ನು ಚೆನ್ನಾಗಿ ನೆನಪಿಡಿ. ಹೊಗೆ ಮೇಲಕ್ಕೆ ಹೋಗುತ್ತದೆ. ಗ್ಯಾಸು ಕೆಳಕ್ಕೆ ಇಳಿಯುತ್ತದೆ. ಅದು ಗಾಳಿಗಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ.

ನಮ್ಮ ಮನೆಗಳು

ಈ ಸ್ವಭಾವವನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ. ಈ ಸೀಮೆಯ ಹಳೆಯ ಮನೆಗಳು ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಅಂಥ ಮನೆಗಳೇ ಮಲಗಿದ್ದವರ ಮೇಲೆ ಬಿದ್ದು, ಔಸಾ, ಉಮರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಆಮೇಲೆ ಊರುಗಳನ್ನೇ ಬೇರೆಡೆ ಕಟ್ಟಿದರು. ಆದರೂ ಹಳೆಯ ಬಗೆಯ ಮನೆಗಳು ಇನ್ನೂ ಇವೆ. ಅವುಗಳಲ್ಲಿ ಕಿಟಕಿ ಕಡಿಮೆ. ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮುಂದೆ ಎತ್ತರದ ಹೊಸ್ತಿಲು.

ಕಟ್ಟಿಗೆಯ ಒಲೆಗೆ ಆ ಬೆಳಕಿಂಡಿ ಸರಿಯಾಗಿತ್ತು. ಗ್ಯಾಸಿಗೆ ಅದರಿಂದ ಪ್ರಯೋಜನವಿಲ್ಲ. ಸೋರಿದ ಗ್ಯಾಸು ನೆಲದಲ್ಲಿ ಕೂಡಿ, ಎತ್ತರದ ಹೊಸ್ತಿಲಿಗೆ ತಡೆದು, ಕೆರೆಯ ನೀರಿನಂತೆ ಕೋಣೆಯೊಳಗೇ ನಿಲ್ಲುತ್ತದೆ. ಆದುದರಿಂದ ಟಾಕಿ ಇಡುವ ಕೋಣೆಯಲ್ಲಿ ನೆಲದ ಮಟ್ಟದಲ್ಲಿ ಗಾಳಿ ಆಡುವಂತೆ ಗೋಡೆಯಲ್ಲಿ ಒಂದು ಜಾಲರಿಯ ಕಿಂಡಿ ಮಾಡಿಸಿರಿ. ಒಂದು ಇಟ್ಟಿಗೆ ತೆಗೆದಷ್ಟಾದರೂ ಇರಲಿ. ಟಾಕಿಯನ್ನು ತಗ್ಗಿನಲ್ಲಿ, ಹಗೇವಿನ ಬಳಿ, ಮುಚ್ಚಿದ ಕಪಾಟಿನಲ್ಲಿ ಇಡಕೂಡದು.

ಎರಡನೆಯದು, ನಾವು ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವವರು. ಹಾಗಾಗಿ ಗ್ಯಾಸಿನ ಒಲೆಯನ್ನೂ ನೆಲದ ಮೇಲೇ ಇಡುತ್ತೇವೆ. ಇದು ಅಪಾಯ. ಗ್ಯಾಸು ಸೋರಿದರೆ ಅದು ಮೊದಲು ಮುಟ್ಟುವುದು ನೆಲದ ಮೇಲಿನ ಉರಿಯನ್ನೇ. ಒಲೆ ಯಾವಾಗಲೂ ಟಾಕಿಯ ತಲೆಗಿಂತ ಎತ್ತರದಲ್ಲಿರಬೇಕು, ಟಾಕಿ ನೆಲದ ಮೇಲೆ ನೆಟ್ಟಗೆ ನಿಂತಿರಬೇಕು. ಕಟ್ಟೆ ಕಟ್ಟಿಸಲು ಹಣವಿಲ್ಲದವರು ಇಟ್ಟಿಗೆಯ ಎರಡು ಕಂಬ ಏರಿಸಿ ಮೇಲೊಂದು ಶಹಾಬಾದ್ ಫರಸಿ ಹಾಸಿದರೆ ಸಾಕು. ಮೊದಲ ಎಂಟು ದಿನ ನಿಂತು ರೊಟ್ಟಿ ಬಡಿಯುವುದು ಕೈಗೆ ಒಗ್ಗದು, ಆಮೇಲೆ ಒಗ್ಗುತ್ತದೆ.

ಮೂರನೆಯದು, ಅನೇಕ ಮನೆಗಳಲ್ಲಿ ಗ್ಯಾಸು, ಕಟ್ಟಿಗೆಯ ಒಲೆ ಎರಡೂ ಒಂದೇ ಕೋಣೆಯಲ್ಲಿವೆ. ಗ್ಯಾಸು ಉಳಿಸಲು ನೀರು ಕಾಯಿಸುವುದಕ್ಕೆ ಕಟ್ಟಿಗೆ ಹಚ್ಚುವುದು ತಪ್ಪಲ್ಲ. ಆದರೆ ಆ ಒಲೆ ಅಂಗಳಕ್ಕೆ ಹೋಗಲಿ. ಟಾಕಿಯ ಪಕ್ಕದಲ್ಲಿ ಕೆಂಡ ಇರಬಾರದು.

ತೋಟದ ಲೈನುಮನೆಗಳಲ್ಲಿರುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಅಲ್ಲಿ ಒಂದು ಗೋಡೆ ಎರಡು ಮನೆಗೆ, ಒಂದು ಚರಂಡಿ ಸಾಲಿಗೆಲ್ಲ. ಒಂದು ಮನೆಯಲ್ಲಿ ಸೋರಿದ ಗ್ಯಾಸು ಬಾಗಿಲ ಕೆಳಗಿನಿಂದ, ಬಚ್ಚಲ ತೂತಿನಿಂದ ಪಕ್ಕದ ಮನೆಯ ಒಲೆಯ ಬುಡಕ್ಕೆ ಹೋಗಬಲ್ಲದು. ಪಕ್ಕದ ಮನೆಯವರೂ ಇದನ್ನು ಕಲಿತಿದ್ದರೆ ಮಾತ್ರ ನಿಮ್ಮ ಎಚ್ಚರ ಪೂರ್ತಿಯಾಗುತ್ತದೆ.

ಟಾಕಿ ಮನೆಗೆ ಬಂದಾಗ

ತಂದವನು ಅವಸರ ಮಾಡುತ್ತಾನೆ. ನೀವು ಅವಸರ ಮಾಡಬೇಡಿರಿ. ನಾಲ್ಕು ಸಂಗತಿಗಳನ್ನು ಅವನ ಮುಂದೆಯೇ ನೋಡಿರಿ.

ಒಂದು, ಮುಚ್ಚಳದ ಮೇಲಿನ ಸೀಲು ಮುರಿದಿರಬಾರದು. ಎರಡು, ತೂಕ. ಬರೀ ಟಾಕಿಯ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಅದಕ್ಕೆ 14.2 ಕೂಡಿಸಿರಿ. ಟಾಕಿಯ ಮೇಲೆ 15.3 ಎಂದು ಇದ್ದರೆ ತುಂಬಿದ ಟಾಕಿ 29.5 ಕಿಲೋ ತೂಗಬೇಕು. ತೂಗಿ ತೋರಿಸು ಎಂದು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚವೇನೂ ಬೇಡ. ಮೂರು, ಟಾಕಿಯ ಪರೀಕ್ಷೆಯ ಗಡುವು. ಮೇಲಿನ ಹಿಡಿಯ ಬಳಿಯ ಪಟ್ಟಿಯ ಒಳಬದಿಗೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಇಂಗ್ಲಿಷಿನ ಎ ಎಂದರೆ ಮಾರ್ಚಿಯವರೆಗೆ, ಬಿ ಎಂದರೆ ಜೂನಿನವರೆಗೆ, ಸಿ ಎಂದರೆ ಸೆಪ್ಟೆಂಬರಿನವರೆಗೆ, ಡಿ ಎಂದರೆ ಡಿಸೆಂಬರಿನವರೆಗೆ. ಮುಂದಿನ ಅಂಕಿ ವರ್ಷ. ಸಿ-29 ಎಂದರೆ 2029ರ ಸೆಪ್ಟೆಂಬರಿನೊಳಗೆ ಅದನ್ನು ಮತ್ತೆ ಪರೀಕ್ಷಿಸಬೇಕು ಎಂದರ್ಥ. ಗಡುವು ಮುಗಿದ ಟಾಕಿಯನ್ನು ತೆಗೆದುಕೊಳ್ಳಬೇಡಿರಿ. ನಾಲ್ಕು, ಮುಚ್ಚಳ ತೆಗೆದು ವಾಲ್ವಿನೊಳಗೆ ಕಪ್ಪು ರಬ್ಬರಿನ ಚಿಕ್ಕ ಉಂಗುರ ಇದೆಯೇ ನೋಡಿರಿ. ಅದಕ್ಕೆ ಓ-ರಿಂಗ್ ಎನ್ನುತ್ತಾರೆ. ಅದು ಇಲ್ಲದಿದ್ದರೆ, ಸೀಳಿದ್ದರೆ, ರೆಗ್ಯುಲೇಟರ್ ಎಷ್ಟು ಬಿಗಿಯಾಗಿ ಕೂತರೂ ಬುಡದಲ್ಲಿ ಸುಯ್ ಎಂದು ಸೋರುತ್ತದೆ. ಮುಚ್ಚಳವನ್ನು ದಾರ ಸಮೇತ ಟಾಕಿಗೇ ಬಿಡಿರಿ. ಅಪಾಯದ ಹೊತ್ತಿನಲ್ಲಿ ಅದೇ ಬೇಕಾಗುತ್ತದೆ.

ಹೊಸ ಟಾಕಿ ಹಾಕುವಾಗ ಮನೆಯಲ್ಲಿ ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಉರಿಯುತ್ತಿರಬಾರದು. ರೆಗ್ಯುಲೇಟರ್ ಕೂತ ಮೇಲೆ ಸಾಬೂನಿನ ನೊರೆಯನ್ನು ವಾಲ್ವಿನ ಸುತ್ತ, ಪೈಪಿನ ಎರಡೂ ತುದಿಗೆ ಹಚ್ಚಿರಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ. ಆ ಪರೀಕ್ಷೆ ಮಾಡಿದವನಿಗೆ ಎರಡನೆಯ ಸಲ ಮಾಡುವ ಅವಕಾಶ ಸಿಗದೆ ಹೋಗಬಹುದು.

ಪೈಪು ಐ.ಎಸ್.ಐ. ಗುರುತಿನದು, ಒಳಗೆ ತಂತಿಯ ಹೆಣಿಗೆ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಆಗಿರಲಿ. ಒಂದೂವರೆ ಮೀಟರಿಗಿಂತ ಉದ್ದ ಬೇಡ. ಗೋಡೆಯ ತೂತಿನಲ್ಲಿ ತೂರಿಸಬಾರದು. ಮೇಲೆ ಬಟ್ಟೆ ಸುತ್ತಿ ಮುಚ್ಚಬಾರದು. ಮುಚ್ಚಿದರೆ ಇಲಿ ಕಡಿದದ್ದು ಕಾಣುವುದಿಲ್ಲ. ಐದು ವರ್ಷಕ್ಕೆ ಬದಲಿಸಿರಿ. ಸೀಳು, ಸುಟ್ಟ ಗುರುತು ಕಂಡರೆ ಅಂದೇ ಬದಲಿಸಿರಿ.

ದಿನದ ಆರೈಕೆ

ಒಲೆ ಒರೆಸಲು ಕೊಡ ನೀರು ಬೇಕಿಲ್ಲ. 2016ರ ಬರಗಾಲದಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ ಸೀಮೆ ನಮ್ಮದು. ಹಿಂಡಿದ ಒದ್ದೆ ಬಟ್ಟೆ ಸಾಕು. ಒಲೆಯ ಮೇಲೆ ನೀರು ಸುರಿದು ತೊಳೆಯುವವರ ಬರ್ನರಿನೊಳಗೆ ನೀರು ನಿಂತು, ತುಕ್ಕು ಹಿಡಿದು, ಒಲೆ ಬೇಗ ಕೆಡುತ್ತದೆ.

ನಮ್ಮ ಮನೆಗಳ ಬರ್ನರಿಗೆ ಮುಖ್ಯ ಶತ್ರು ಜೋಳದ ಹಿಟ್ಟು. ಹಂಚಿನಿಂದ ರೊಟ್ಟಿ ತೆಗೆದು ಉರಿಯ ಮೇಲೆ ಉಬ್ಬಿಸುವಾಗ ಒಣಹಿಟ್ಟು ಉದುರಿ ಬರ್ನರಿನ ತೂತಿನಲ್ಲಿ ಸೇರಿ ಸುಟ್ಟು ಕಪ್ಪಾಗುತ್ತದೆ. ಅದರ ಮೇಲೆ ಬೇಳೆ ಉಕ್ಕಿದರೆ ಗಾರೆ ಹಾಕಿದಂತೆ ಗಟ್ಟಿಯಾಗುತ್ತದೆ. ಆದುದರಿಂದ ಉಬ್ಬಿಸುವ ಮೊದಲು ರೊಟ್ಟಿಯನ್ನು ಒಮ್ಮೆ ಕೊಡವಿರಿ. ವಾರಕ್ಕೊಮ್ಮೆ ಒಲೆ ಪೂರಾ ತಣಿದ ಮೇಲೆ, ರೆಗ್ಯುಲೇಟರ್ ಬಂದ್ ಮಾಡಿ, ಬರ್ನರಿನ ತಲೆಯನ್ನು ಎತ್ತಿ ಸಾಬೂನಿನ ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿರಿ. ಮುಚ್ಚಿದ ತೂತುಗಳನ್ನು ಗುಂಡುಸೂಜಿಯಿಂದ ಬಿಡಿಸಿರಿ. ಬಿಸಿಲಿಗೆ ಇಟ್ಟು ಚೆನ್ನಾಗಿ ಒಣಗಿದ ಮೇಲೆ ಕೂರಿಸಿರಿ. ಹಸಿ ಬರ್ನರು ಚಟಪಟ ಎನ್ನುತ್ತದೆ, ಉರಿ ಕುಂಟುತ್ತದೆ.

ಬರ್ನರಿನ ತೂತಿಗೆ ಸೂಜಿ ಹಾಕಬಹುದು, ಜೆಟ್ಟಿಗೆ ಹಾಕಕೂಡದು. ಜೆಟ್ ಎಂದರೆ ನಾಬಿನ ಹಿಂದೆ ಗ್ಯಾಸು ಹೊರಬೀಳುವ ಹಿತ್ತಾಳೆಯ ಚಿಕ್ಕ ತುಂಡು. ಅದರ ತೂತು ಕೂದಲಿನಷ್ಟು ಸಣ್ಣದು, ಲೆಕ್ಕ ಹಾಕಿ ಕೊರೆದದ್ದು. ಸೂಜಿ ತಿರುವಿ ಅದನ್ನು ದೊಡ್ಡದು ಮಾಡಿದರೆ ಮುಂದೆ ಗ್ಯಾಸು ಹೆಚ್ಚು ಸುರಿದು, ಉರಿ ಹಳದಿಯಾಗಿ, ಟಾಕಿ ಬೇಗ ಖಾಲಿಯಾಗುತ್ತದೆ. ಆ ಕೆಲಸ ಮಿಸ್ತ್ರಿಗೆ ಬಿಡಿರಿ.

ಉರಿ ನೋಡಿ ಕಾಯಿಲೆ ತಿಳಿಯುವುದು

ಒಳ್ಳೆಯ ಉರಿ ನೀಲಿ, ಸಣ್ಣಗೆ ಸುಯ್ಗುಟ್ಟುತ್ತ ನೆಟ್ಟಗೆ ನಿಲ್ಲುತ್ತದೆ. ಪಾತ್ರೆಯ ತಳ ಕಪ್ಪಾಗುವುದಿಲ್ಲ.

ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ, ಗ್ಯಾಸಿಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ. ಬರ್ನರಿನ ತೂತು ಕಟ್ಟಿರಬಹುದು, ಇಲ್ಲವೇ ಬರ್ನರಿನ ಕೆಳಗಿನ ಕೊಳವೆಯ ಗಾಳಿಕಿಂಡಿ ಧೂಳಿನಿಂದ ಮುಚ್ಚಿರಬಹುದು. ಮಸಿ ಎಂದರೆ ಉರಿಯದೆ ಉಳಿದ ಇಂಧನ. ನಿಮ್ಮ ಕೂಲಿಯ ಹಣವೇ ಪಾತ್ರೆಯ ತಳಕ್ಕೆ ಅಂಟಿದಂತೆ. ಅಂಥ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಚಳಿಯೆಂದು ಕೋಣೆ ಮುಚ್ಚಿ ಒಲೆಯ ಮುಂದೆ ಮಲಗಬಾರದು.

ಉರಿ ಬರ್ನರನ್ನು ಬಿಟ್ಟು ಮೇಲಕ್ಕೆ ಹಾರುತ್ತ ಗದ್ದಲ ಮಾಡಿದರೆ ಗಾಳಿ ಅಥವಾ ಒತ್ತಡ ಹೆಚ್ಚಾಗಿದೆ. ನಾಬ್ ಸಣ್ಣ ಮಾಡಿದರೂ ನಿಲ್ಲದಿದ್ದರೆ ರೆಗ್ಯುಲೇಟರ್ ಕೆಟ್ಟಿರಬಹುದು. ಟಾಕಿಯೊಳಗಿನ ಹೆಚ್ಚಿನ ಒತ್ತಡವನ್ನು ಒಲೆಗೆ ತಕ್ಕಷ್ಟು ಕಡಿಮೆ ಮಾಡುವುದೇ ಅದರ ಕೆಲಸ. ಅದನ್ನು ಬಿಚ್ಚಿ ರಿಪೇರಿ ಮಾಡಕೂಡದು, ಏಜೆನ್ಸಿಯಿಂದ ಬದಲಿಸಿಕೊಳ್ಳಿರಿ.

ಉರಿ ಟಪ್ ಎಂದು ಒಳಗೆ ಹೋಗಿ ಬರ್ನರಿನ ಕೆಳಗೆ ಜೆಟ್ಟಿನ ಬಳಿ ಉರಿದರೆ ತಕ್ಷಣ ನಾಬ್ ಮುಚ್ಚಿರಿ. ಬರ್ನರಿನ ತಲೆ ಸರಿಯಾಗಿ ಕೂತಿಲ್ಲ, ಇಲ್ಲವೇ ಸವೆದಿದೆ. ತಣಿದ ಮೇಲೆ ಸರಿಯಾಗಿ ಕೂರಿಸಿ ಹೊತ್ತಿಸಿರಿ. ಮತ್ತೆ ಹಾಗೆಯೇ ಆದರೆ ಆ ಬರ್ನರನ್ನು ಬಳಸಬೇಡಿರಿ.

ಉರಿ ಎರಡೂ ಬರ್ನರಿನಲ್ಲಿ ಸಣ್ಣದಾದರೆ ಪೈಪು ಮಡಚಿದೆಯೇ, ಟಾಕಿ ಮುಗಿಯಿತೇ ನೋಡಿರಿ. ಒಂದರಲ್ಲಿ ಮಾತ್ರ ಸಣ್ಣದಾದರೆ ಆ ಬರ್ನರು ಅಥವಾ ಅದರ ಜೆಟ್ ಕಟ್ಟಿದೆ. ಟಾಕಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅದರ ಮೈಗೆ ಮೇಲಿಂದ ಕೆಳಗೆ ಒದ್ದೆ ಬಟ್ಟೆ ಒರೆಸಿರಿ. ದ್ರವ ಇರುವಷ್ಟು ಭಾಗ ತಡವಾಗಿ ಒಣಗುತ್ತದೆ; ಒಣಗಿದ್ದಕ್ಕೂ ಹಸಿಗೂ ನಡುವಿನ ಗೆರೆಯೇ ಗ್ಯಾಸಿನ ಮಟ್ಟ.

ಮುಗಿಯುತ್ತ ಬಂದ ಟಾಕಿಯನ್ನು ಅಡ್ಡ ಮಲಗಿಸುವುದು, ಅಲುಗಾಡಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಅನೇಕ ಕಡೆ ರೂಢಿಯಾಗಿದೆ. ತೋಟದ ಕಡೆ ಮಳೆಗಾಲದ ಥಂಡಿಯಲ್ಲಿ ಗ್ಯಾಸು ನಿಧಾನ ಬರುವುದರಿಂದ ಅಲ್ಲಿ ಇದು ಇನ್ನೂ ಹೆಚ್ಚು. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಒಲೆಯಲ್ಲಿ ಆಳೆತ್ತರ ಉರಿ ಏಳಬಹುದು. ಒಂದು ಹೊತ್ತಿನ ಚಹಾದ ಆಸೆಗೆ ಇಷ್ಟು ಬೆಲೆ ಕೊಡಬಾರದು.

ನಾಬ್ ಬಿಗಿಯಾದರೆ ಕಟಿಂಗ್ ಪ್ಲೇಯರ್ ಹಿಡಿದು ತಿರುವಬೇಡಿರಿ, ಅಡಿಗೆಯ ಎಣ್ಣೆ ಬಿಡಬೇಡಿರಿ. ಮಿಸ್ತ್ರಿ ಅದಕ್ಕೆಂದೇ ಇರುವ ಗ್ರೀಸು ಹಾಕುತ್ತಾನೆ.

ಗ್ಯಾಸು ಉಳಿಸುವ ಮಾತೂ ಇಲ್ಲೇ ಸೇರಲಿ. ತೊಗರಿಬೇಳೆಯನ್ನು ನೆನೆಹಾಕಿರಿ, ಪಾತ್ರೆಗೆ ಮುಚ್ಚಳ ಹಾಕಿರಿ, ಒಮ್ಮೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿರಿ. ಕುದಿಯುವ ನೀರು ಎಷ್ಟು ಉರಿ ಹಾಕಿದರೂ ಅದಕ್ಕಿಂತ ಹೆಚ್ಚು ಬಿಸಿಯಾಗದು. ಹೆಚ್ಚಿನ ಉರಿ ಬರೀ ಆವಿಯಾಗಿ ಹೋಗುತ್ತದೆ.

ಬೀಗ ಹಾಕಿ ದುಡಿಯಲು ಹೋಗುವವರಿಗೆ

ಈ ಸೀಮೆಯಿಂದ ಎಷ್ಟೋ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೋಗಿ, ಬೇಸಿಗೆಯಲ್ಲಿ ಮರಳುತ್ತವೆ. ಐದಾರು ತಿಂಗಳು ಮನೆಗೆ ಬೀಗ. ಹೋಗುವ ದಿನ ರೆಗ್ಯುಲೇಟರ್ ಕಳಚಿ, ಟಾಕಿಗೆ ಮುಚ್ಚಳ ಹಾಕಿರಿ. ಬರ್ನರಿನ ಮೇಲೆ ಒಂದು ಬಟ್ಟೆ ಕಟ್ಟಿರಿ. ಮರಳಿ ಬಂದ ದಿನ ಹಸಿವೆಂದು ಹಾಗೇ ಹೊತ್ತಿಸಬೇಡಿರಿ. ಖಾಲಿ ಮನೆಯಲ್ಲಿ ಇಲಿ ಪೈಪು ಕಡಿದಿರುತ್ತದೆ. ಬರ್ನರಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಕಣಜ ಮಣ್ಣಿನ ಗೂಡು ಮಾಡಿರುತ್ತದೆ. ಆ ಬಲೆಗೆ ತಡೆದ ಗ್ಯಾಸು ಗಾಳಿಕಿಂಡಿಯಿಂದ ಹೊರಬಂದು ಒಲೆಯ ಕೆಳಗೇ ಹೊತ್ತಿಕೊಳ್ಳುತ್ತದೆ. ಮೊದಲು ಬಾಗಿಲು ತೆರೆದು ಮನೆ ಗಾಳಿಯಾಡಲಿ. ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿರಿ. ಬರ್ನರನ್ನು ಕಳಚಿ ಕೊಳವೆಯನ್ನು ಉದ್ದ ಬ್ರಷ್ಷಿನಿಂದ ಸ್ವಚ್ಛ ಮಾಡಿರಿ. ಆಮೇಲೆ ಸಾಬೂನಿನ ನೊರೆಯ ಪರೀಕ್ಷೆ.

ಕಬ್ಬಿನ ಗದ್ದೆಯ ಗುಡಿಸಲಲ್ಲಿ ಅಡಿಗೆಗೆ ಸಣ್ಣ ಟಾಕಿ ಬೇಕೆನ್ನುವವರು, ಸಂತೆಯಲ್ಲಿ ಸಿಗುವ ಗುರುತಿಲ್ಲದ ಟಾಕಿಗೆ ಅಂಗಡಿಯಲ್ಲಿ ಗ್ಯಾಸು ತುಂಬಿಸಿಕೊಳ್ಳುವುದುಂಟು. ಅದರ ಲೋಹ ಎಂಥದೋ, ವಾಲ್ವು ಎಂಥದೋ ಯಾರೂ ಬಲ್ಲವರಿಲ್ಲ. ತೈಲ ಕಂಪನಿಗಳೇ 5 ಕಿಲೋದ ಟಾಕಿ ಕೊಡುತ್ತವೆ; ವಿಳಾಸದ ದಾಖಲೆ ಇಲ್ಲದೆ ಗುರುತಿನ ಚೀಟಿ ತೋರಿಸಿ ಕೊಳ್ಳುವ ಬಗೆಯೂ ಇದೆ. 2021ರ ಆಗಸ್ಟಿನಲ್ಲಿ ಉಜ್ವಲಾದ ಎರಡನೆಯ ಹಂತ ಆರಂಭವಾದಾಗ, ವಲಸೆ ಹೋಗುವ ಕುಟುಂಬದವರು ವಿಳಾಸಕ್ಕೆ ತಾವೇ ಬರೆದುಕೊಟ್ಟ ಹೇಳಿಕೆ ಸಾಕೆಂದು ಮಾಡಿದರು. ಕಬ್ಬಿನ ಸೋಗೆಯ ಗುಡಿಸಲೊಳಗೆ ಮಾತ್ರ ಯಾವ ಒಲೆಯನ್ನೂ ಹಚ್ಚಬೇಡಿರಿ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದಾಗ ಮನೆಯಲ್ಲಿ ಮಕ್ಕಳೇ ಒಲೆ ಹಚ್ಚುತ್ತಾರೆ. ಇದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಹೋಗುವಾಗ ರೆಗ್ಯುಲೇಟರ್ ಬಂದ್ ಮಾಡಿ ಹೋಗಿರಿ. ದೊಡ್ಡ ಮಕ್ಕಳಿಗೆ, ಹುಡುಗನಾಗಲಿ ಹುಡುಗಿಯಾಗಲಿ, ರೆಗ್ಯುಲೇಟರ್ ಬಂದ್ ಮಾಡುವುದನ್ನು ಮೊದಲು ಕಲಿಸಿರಿ, ಹಚ್ಚುವುದನ್ನು ಆಮೇಲೆ ಕಲಿಸಿರಿ.

ವಾಸನೆ ಬಂದರೆ

ಇದನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿರಿ. ಉರಿಯುವುದನ್ನೆಲ್ಲ ಆರಿಸಿರಿ. ದೀಪದ ಸ್ವಿಚ್ಚನ್ನು ಹಾಕಲೂ ಬೇಡಿರಿ, ತೆಗೆಯಲೂ ಬೇಡಿರಿ. ಎರಡರಲ್ಲೂ ಕಿಡಿ ಹಾರುತ್ತದೆ. ಫ್ಯಾನೂ ಬೇಡ, ಕೋಣೆಯೊಳಗೆ ಮೊಬೈಲೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿರಿ. ಬಾಗಿಲು ಕಿಟಕಿ ತೆರೆದಿಡಿರಿ. ಮಕ್ಕಳನ್ನು, ಮುದುಕರನ್ನು ಹೊರಗೆ ಕಳಿಸಿರಿ. ಟಾಕಿಯಿಂದಲೇ ಸೋರುತ್ತಿದ್ದರೆ ರೆಗ್ಯುಲೇಟರ್ ಕಳಚಿ ಮುಚ್ಚಳ ಒತ್ತಿ, ಆದರೆ ಟಾಕಿಯನ್ನು ಬಯಲಿಗೆ ಒಯ್ಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ. ಅದು ಗ್ಯಾಸು ಸೋರಿಕೆಗಾಗಿಯೇ ಇರುವ ಸಂಖ್ಯೆ, ಹಗಲು ರಾತ್ರಿ ನಡೆಯುತ್ತದೆ. ಬೆಂಕಿ ಹತ್ತಿದ್ದರೆ 101 ಅಥವಾ 112.

ಪೈಪಿನಲ್ಲಿ ಬೆಂಕಿ ಕಂಡು ರೆಗ್ಯುಲೇಟರಿಗೆ ಕೈ ಮುಟ್ಟುವಂತಿದ್ದರೆ ಮೊದಲು ಅದನ್ನು ಬಂದ್ ಮಾಡಿರಿ. ಗ್ಯಾಸು ನಿಂತರೆ ಬೆಂಕಿ ತಾನೇ ನಿಲ್ಲುತ್ತದೆ. ಹತ್ತಿರ ಹೋಗಲಾಗದಷ್ಟು ಬೆಂಕಿಯಿದ್ದರೆ ಪಾತ್ರೆ ಪಗಡೆಯ ಆಸೆ ಬಿಟ್ಟು ಎಲ್ಲರೂ ಹೊರಗೆ ಓಡಿರಿ, ನೆರೆಯವರನ್ನೂ ಎಬ್ಬಿಸಿರಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು; ಮುಚ್ಚಳ ಮುಚ್ಚಿ ಒಲೆ ಆರಿಸಿರಿ.

ಸೆರಗಿಗೆ ಬೆಂಕಿ ತಗುಲಿದರೆ ಓಡಬೇಡಿರಿ. ಓಡಿದರೆ ಗಾಳಿಗೆ ಹೆಚ್ಚು ಉರಿಯುತ್ತದೆ. ನೆಲಕ್ಕೆ ಬಿದ್ದು ಹೊರಳಿರಿ. ನೋಡಿದವರು ಕಂಬಳಿ ಹೊದಿಸಿ ಬೆಂಕಿ ಆರಿಸಿರಿ. ಆಮೇಲೆ ಸುಟ್ಟ ಜಾಗಕ್ಕೆ ತಣ್ಣೀರನ್ನು 20 ನಿಮಿಷ ಹರಿಯಬಿಡಿರಿ. ಅರಿಸಿನ, ಮಸಿ, ಟೂತ್‌ಪೇಸ್ಟ್ ಯಾವುದನ್ನೂ ಬಳಿಯದೆ, ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. ಅಡಿಗೆ ಮಾಡುವಾಗ ನೈಲಾನಿನ ಸೀರೆ ಬೇಡ. ಹತ್ತಿಯ ಸೀರೆ ಉಟ್ಟು, ಸೆರಗನ್ನು ನಡುವಿಗೆ ಸಿಕ್ಕಿಸಿರಿ.

ಒಂದು ಕಹಿ ಮಾತು

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಕರ್ತವ್ಯಲೋಪವಾಗುತ್ತದೆ. 1970, 1980ರ ದಶಕಗಳಲ್ಲಿ “ಸ್ಟವ್ ಸಿಡಿದು ಗೃಹಿಣಿ ಸಾವು” ಎಂಬ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಸಿಡಿದದ್ದು ಎಷ್ಟೋ ಸಲ ಸ್ಟವ್ ಆಗಿರಲಿಲ್ಲ. ಹೆಣ್ಣುಮಕ್ಕಳನ್ನು ಸುಟ್ಟು ಒಲೆಯ ಮೇಲೆ ಹಾಕಿದ ಅಪವಾದ ಅದು. ಆ ಕಾರಣಕ್ಕೇ 1983ರಲ್ಲಿ ಗಂಡನ ಮನೆಯವರ ಕ್ರೌರ್ಯಕ್ಕೂ, 1986ರಲ್ಲಿ ವರದಕ್ಷಿಣೆಯ ಸಾವಿಗೂ ದಂಡಸಂಹಿತೆಯಲ್ಲಿ ಬೇರೆ ಕಲಮುಗಳು ಬಂದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 85 ಮತ್ತು 80ನೆಯ ಕಲಮುಗಳಾಗಿವೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಸತ್ತು, ಅದಕ್ಕೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಕಾಟ ಕೊಟ್ಟದ್ದು ಕಂಡುಬಂದರೆ, ಕಾನೂನು ಅದನ್ನು ವರದಕ್ಷಿಣೆಯ ಸಾವೆಂದೇ ಎಣಿಸುತ್ತದೆ.

ಗ್ಯಾಸಿನ ಅಪಘಾತಕ್ಕೆ ಸಾಮಾನ್ಯವಾಗಿ ಗುರುತು ಉಳಿಯುತ್ತದೆ: ಸೀಳಿದ ಪೈಪು, ತೆರೆದ ನಾಬು, ಮೊದಲೇ ಬಂದ ವಾಸನೆ. ಗ್ಯಾಸನ್ನು ಅರಿತ ಊರಿನಲ್ಲಿ “ಒಲೆ ಸಿಡಿಯಿತು” ಎಂಬ ಒಂದು ಮಾತಿಗೆ ಯಾರೂ ತಲೆದೂಗಿ ಸುಮ್ಮನಿರಲಾರರು. ಏನಾಯಿತು, ಯಾವಾಗ ಆಯಿತು, ಪೈಪು ಎಲ್ಲಿದೆ ಎಂದು ಕೇಳುವವರು ನಾಲ್ಕು ಜನ ಇದ್ದರೆ, ಯಾರದೋ ಮಗಳಿಗೆ ಅದೇ ಕಾವಲು. ನಿಜವಾದ ಅಪಘಾತವಾಗಿದ್ದರೆ ನೋಂದಾಯಿತ ಗ್ರಾಹಕರಿಗೆ ತೈಲ ಕಂಪನಿಗಳು ಮಾಡಿಸಿದ ವಿಮೆ ಉಂಟು. ಅದಕ್ಕೆ ಬೇರೆ ಕಂತು ಕಟ್ಟಬೇಕಾಗಿಲ್ಲ. ಕೂಡಲೇ ಏಜೆನ್ಸಿಗೆ ಬರೆದು ತಿಳಿಸಿ, ಪೊಲೀಸ್ ಠಾಣೆಯ ಕಾಗದ, ಆಸ್ಪತ್ರೆಯ ಕಾಗದ ಜೋಪಾನ ಮಾಡಿರಿ.

ಈ ರಾತ್ರಿಯ ಕೆಲಸ

ಅಣ್ಣತಮ್ಮಂದಿರಿಗೆ ಒಂದು ಮಾತು. ಅಡಿಗೆಮನೆ ಹೆಂಗಸರದು ಎಂದು ಪಡಸಾಲೆಯಲ್ಲಿ ಕುಳಿತರೆ ಆಗದು. ವಾಸನೆ ಬಂದ ರಾತ್ರಿ ಟಾಕಿಯನ್ನು ಬಯಲಿಗೆ ಎತ್ತಿ ಒಯ್ಯಬೇಕಾದವರು ನೀವೂ ಆಗಬಹುದು. ರೆಗ್ಯುಲೇಟರ್ ಯಾವ ಕಡೆ ತಿರುಗುತ್ತದೆ ಎಂದು ತಿಳಿಯದ ಗಂಡಸು ಆ ಹೊತ್ತಿನಲ್ಲಿ ಏನು ಮಾಡಿಯಾನು?

ಆದುದರಿಂದ ಇಂದು ಮನೆಗೆ ಹೋದ ಕೂಡಲೇ ಎಲ್ಲರೂ ಟಾಕಿಯ ಸುತ್ತ ನಿಲ್ಲಿರಿ. ಅಜ್ಜಿ, ಗಂಡ, ಹೆಂಡತಿ, ದೊಡ್ಡ ಮಕ್ಕಳು ಒಬ್ಬೊಬ್ಬರಾಗಿ ರೆಗ್ಯುಲೇಟರನ್ನು ಬಂದ್ ಮಾಡಿ ತೋರಿಸಲಿ. ಪೈಪಿನ ಮೇಲೆ ಬರೆದ ವರ್ಷ ಓದಿರಿ. ಸಾಬೂನಿನ ನೊರೆ ಹಚ್ಚಿ ನೋಡಿರಿ. 1906 ಎಂದು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ಕಿಲ್ಲಾರಿಯ ನಂತರವೂ ಈ ನೆಲದಲ್ಲಿ ಸಣ್ಣ ಕಂಪನಗಳು ಬಂದಿವೆ. ನಡುರಾತ್ರಿ ಮನೆ ಅಲುಗಿದಾಗ ತೆರೆದ ಗ್ಯಾಸು ಎರಡನೆಯ ಆಪತ್ತಾಗಬಾರದು. ಊಟವಾಗಿ ಪಾತ್ರೆ ತೊಳೆದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ ಮಲಗುವುದನ್ನು ದಿನದ ಕಡೆಯ ಕೆಲಸವೆಂದು ಇಟ್ಟುಕೊಳ್ಳಿರಿ.

ಕೂಟ ಮುಗಿದ ಮೇಲೆ ಯಾರಿಗಾದರೂ ತಮ್ಮ ಒಲೆಯ ವಿಷಯ ಕೇಳುವುದಿದ್ದರೆ ನಾವು ಇಲ್ಲೇ ಇರುತ್ತೇವೆ. ಸವೆದ ಪೈಪು, ಕಟ್ಟಿದ ಬರ್ನರು ತಂದು ತೋರಿಸಿರಿ. ಒಟ್ಟಿಗೆ ಕುಳಿತು ನೋಡೋಣ.